ಎಂಟು ಕಾಲಿನ ರೋಗಿ

ಸಾಕಿದ ಪ್ರಾಣಿಯು ಸತ್ತರೆ ಮನುಷ್ಯನು ದುಃಖಿಸುವುದು ಲೋಕಸಹಜವಾದ ಸಂಗತಿ. ಆದರೆ ಆ ದುಃಖಕ್ಕೂ ಲೋಕವು ಒಂದು ತಾರತಮ್ಯವನ್ನು ಕಲ್ಪಿಸಿಟ್ಟಿದೆ. ಕರೆಯುವ ಹಸುವು ಸತ್ತಾಗ ಮನೆಯವರೆಲ್ಲರೂ ಊಟ ಬಿಟ್ಟು ಕುಳಿತರೆ ಯಾರೂ ನಗುವುದಿಲ್ಲ. ನಾಯಿ ಸತ್ತರೆ ನೆರೆಯವರು ಬಂದು ಎರಡು ಮಾತನಾಡಿ ಹೋಗುತ್ತಾರೆ. ಬೆಕ್ಕಿಗೆ ಮಕ್ಕಳ ಕಣ್ಣೀರು ಸಲ್ಲುತ್ತದೆ. ಗಿಳಿಗೆ ಒಂದು ನಿಟ್ಟುಸಿರು. ಈ ಮೆಟ್ಟಿಲುಗಳನ್ನು ಇಳಿದಂತೆಲ್ಲ ಕಣ್ಣೀರಿನ ಅಳತೆಯೂ ಇಳಿಯುತ್ತ ಬಂದು, ಹುಳುಹುಪ್ಪಟೆಗಳ ಎಡೆಗೆ ಬರುವ ವೇಳೆಗೆ ಪೂರ್ತಿಯಾಗಿ ಬತ್ತಿಹೋಗಬೇಕೆಂಬುದು ಲೋಕದ ಕಟ್ಟಳೆ. ಜೇಡವೊಂದು ಸತ್ತರೆ ಪೊರಕೆಯೇ ಅದಕ್ಕೆ ಸಂಸ್ಕಾರ. ಹೀಗಿರಲು, ಜೇಡಕ್ಕೆ ಕಾಯಿಲೆಯಾಯಿತೆಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಶುಶ್ರೂಷೆ ಮಾಡಿದವನೊಬ್ಬನಿದ್ದನೆಂದರೆ ವಾಚಕರು ಮೊದಲು ನಕ್ಕಾರು. ನಗಬಾರದೆಂದೇನೂ ಇಲ್ಲ, ಅವನ ಹೆಂಡತಿಯೂ ಮೊದಲು ನಕ್ಕವಳೇ.

ಕನ್ನಡ ನಾಡಿನವರಿಗೆ ಜೇಡವು ಅಪರಿಚಿತವಲ್ಲ. ಉಪನಿಷತ್ತಿನ ಋಷಿಗಳು ಜಗತ್ಸೃಷ್ಟಿಗೆ ಉಪಮಾನವನ್ನು ಅರಸುವಾಗ, ತನ್ನೊಳಗಿನಿಂದಲೇ ನೂಲನ್ನು ಹೊರತೆಗೆದು ತನ್ನೊಳಕ್ಕೇ ಸೆಳೆದುಕೊಳ್ಳುವ ಊರ್ಣನಾಭವನ್ನು ಕಂಡುಕೊಂಡರು. ಕಾಳಹಸ್ತಿಯ ಸ್ಥಳಪುರಾಣದಲ್ಲಿ ಶಿವನನ್ನು ಪೂಜಿಸಿ ಮುಕ್ತಿ ಪಡೆದ ಮೂವರಲ್ಲಿ, ಹಾವು ಆನೆಗಳಿಗಿಂತ ಮುಂದಾಗಿ ಹೆಸರು ಬರುವುದು ಜೇಡಕ್ಕೆ. ಕ್ಷೇತ್ರನಾಮದ ಮೊದಲಲ್ಲಿರುವ ‘ಶ್ರೀ’ ಎಂಬುದೇ ಅದು. ಸ್ಕಾಟ್ಲೆಂಡಿನ ಬ್ರೂಸ್ ದೊರೆಗೆ ಧೈರ್ಯವನ್ನು ಕಲಿಸಿದ ಜೇಡದ ಕಥೆಯನ್ನು ಶಾಲೆಯ ಪಾಠದಲ್ಲಿ ಓದದವರು ಕಡಮೆ. ಆದರೆ ಉಪಮಾನವಾಗಿ, ಭಕ್ತನಾಗಿ, ಗುರುವಾಗಿ ಇಷ್ಟು ಮರ್ಯಾದೆ ಪಡೆದ ಈ ಜೀವವು ಗೋಡೆಯ ಮೂಲೆಯಲ್ಲಿ ಕಾಣಿಸಿಕೊಂಡಿತೆಂದರೆ ಆ ಪುರಾಣವಾವುದೂ ನೆನಪಿಗೆ ಬರುವುದಿಲ್ಲ.

ಇಲ್ಲಿನ ಪ್ರಸ್ತಾಪವು ಮೂಲೆಯಲ್ಲಿ ಬಲೆ ಕಟ್ಟುವ ಸಣ್ಣ ಜೇಡದ್ದಲ್ಲ; ಟಾರಂಟುಲ ಎಂಬ ದೊಡ್ಡ ಜಾತಿಯದು. ಇಟಲಿಯ ದಕ್ಷಿಣದಲ್ಲಿರುವ ಟಾರಾಂಟೊ ಪಟ್ಟಣದಿಂದ ಈ ಹೆಸರು ಬಂದಿತು. ಆ ಸೀಮೆಯ ಹೊಲಗಳಲ್ಲಿದ್ದ ಒಂದು ಜೇಡವು ಕಚ್ಚಿದರೆ ದಣಿದು ಬೀಳುವವರೆಗೂ ಕುಣಿಯಬೇಕು, ಕುಣಿತವೇ ಅದಕ್ಕೆ ಔಷಧ ಎಂಬ ನಂಬಿಕೆಯು ಅಲ್ಲಿ ಶತಮಾನಗಳ ಕಾಲ ಇದ್ದಿತು. ಟಾರಂಟೆಲ್ಲ ಎಂಬ ನೃತ್ಯದ ಹೆಸರಿಗೂ ಇದೇ ಮೂಲ. ಆದರೆ ಆ ಜೇಡವು ಬೇರೆ, ಇಂದು ಆ ಹೆಸರನ್ನು ಹೊತ್ತಿರುವುದು ಬೇರೆ. ಯೂರೋಪಿಯನರು ಅಮೆರಿಕ ಖಂಡಕ್ಕೆ ಹೋದಾಗ, ಅಂಗೈಯಗಲದ, ಮೈತುಂಬ ರೋಮವಿರುವ ಜೇಡಗಳನ್ನು ಕಂಡು, ತಮಗೆ ಗೊತ್ತಿದ್ದ ಭಯಂಕರವಾದ ಹೆಸರನ್ನು ಅವಕ್ಕೆ ಅಂಟಿಸಿಬಿಟ್ಟರು. ಈ ಕುಲದಲ್ಲಿ ಸಾವಿರಕ್ಕೂ ಮೀರಿದ ಪ್ರಭೇದಗಳುಂಟು. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಕೆಲವು ವಾಸವಾಗಿವೆ. ಚಿಲಿ ದೇಶದ ಒಣ ಕುರುಚಲು ನೆಲದಲ್ಲಿ ಹುಟ್ಟುವ, ನಸುಗುಲಾಬಿ ಬಣ್ಣದ ಪ್ರಭೇದವೊಂದು ಸ್ವಭಾವದಿಂದ ಬಹು ಸಾಧು. ಹಿಂದಿನ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ಕಾಡಿನಿಂದ ಹಿಡಿದು ತಂದು ಅಮೆರಿಕ ಯೂರೋಪುಗಳ ಅಂಗಡಿಗಳಲ್ಲಿ ಅಗ್ಗವಾಗಿ ಮಾರುತ್ತಿದ್ದರು. ಇದರ ಗಂಡಿಗೆ ಆಯುಸ್ಸು ಕಡಮೆ. ಹೆಣ್ಣು ೨೦ ವರ್ಷಗಳನ್ನು ದಾಟಿ ಬದುಕುವುದುಂಟು.

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ, ಚಳಿಗಾಲ ಬಂದರೆ ನೆಲವೆಲ್ಲ ಕಲ್ಲಾಗುವ ಒಂದು ಊರಿನಲ್ಲಿ, ಪುಸ್ತಕಭಂಡಾರದ ಗುಮಾಸ್ತನೊಬ್ಬನು ಇಂತಹ ಹೆಣ್ಣು ಜೇಡವೊಂದನ್ನು ಸಾಕಿದ್ದನು. ೧೯೯೮ರಲ್ಲಿ, ಆತನು ವಿದ್ಯಾರ್ಥಿಯಾಗಿದ್ದಾಗ, ಬಾಡಿಗೆಯ ಕೋಣೆಯಲ್ಲಿ ನಾಯಿ ಬೆಕ್ಕುಗಳಿಗೆ ಮಾಲೀಕರ ಅಪ್ಪಣೆಯಿಲ್ಲವೆಂದು ಅದನ್ನು ಕೊಂಡು ತಂದದ್ದು. ಅದಕ್ಕೆ ‘ರೋಸಿ’ ಎಂದು ಹೆಸರಿಟ್ಟನು. ಆ ದೇಶದಲ್ಲಿ ಅದು ಗುಲಾಬಿಯಿಂದ ಬಂದ ಹೆಸರು. ಕನ್ನಡದ ಕಿವಿಗೆ ಬೇರೊಂದು ಅರ್ಥ ಕೇಳಿಸಿದರೆ ಅದೂ ತಪ್ಪಲ್ಲ. ಮನುಷ್ಯರ ಸಹವಾಸಕ್ಕೆ ರೋಸಿಹೋದಂತೆಯೇ ಅದರ ನಡತೆಯಿತ್ತು. ಗಾಜಿನ ಪೆಟ್ಟಿಗೆಯೊಳಗೆ ತೊಗಟೆಯ ತುಂಡೊಂದರ ಮರೆಯಲ್ಲಿ ದಿನಗಟ್ಟಲೆ ಅಲುಗಾಡದೆ ಕುಳಿತಿರುವುದು. ಹದಿನೈದು ದಿನಕ್ಕೊಮ್ಮೆ ಒಂದೋ ಎರಡೋ ಮಿಡತೆಗಳನ್ನು ಹಿಡಿದು ತಿನ್ನುವುದು. ಮನಸ್ಸು ಬಾರದಿದ್ದರೆ ತಿಂಗಳುಗಟ್ಟಲೆ ಉಪವಾಸ ಕೂರುವುದು. ಇಷ್ಟೇ ಅದರ ದಿನಚರಿ. ಎಂಟು ಕಣ್ಣುಗಳಿದ್ದರೂ ಅದಕ್ಕೆ ದೃಷ್ಟಿ ಮಂದ, ಕಿವಿಗಳಿಲ್ಲ, ನೆಲದ ಕಂಪನವನ್ನು ರೋಮಗಳಿಂದ ಅರಿತೇ ಅದು ತನ್ನ ಲೋಕವ್ಯವಹಾರವನ್ನೆಲ್ಲ ನಡೆಸಬೇಕು. ಸಾಕಿದವನು ಅದರ ಪಾಲಿಗೆ ಒಂದು ನಡುಕವಾಗಿದ್ದನೇ ಹೊರತು ಒಂದು ಮುಖವಾಗಿರಲಿಲ್ಲ.

ಇಂತಹುದನ್ನು ಸಾಕಿದರೆ ಏನು ಸುಖ ಎಂದು ಕೇಳುವವರಿಗೆ ಆತನು ಸರಿಯಾದ ಉತ್ತರ ಕೊಡಲಾರದೆ ಹೋಗುತ್ತಿದ್ದನು. ಇಪ್ಪತ್ತಮೂರು ವರ್ಷಗಳಲ್ಲಿ ನಾಲ್ಕು ಮನೆಗಳು ಬದಲಾದುವು, ತಂದೆ ತೀರಿಕೊಂಡನು, ಮದುವೆಯಾಯಿತು, ತಲೆ ನರೆಯಿತು. ಪ್ರತಿಯೊಂದು ಸಲ ಮನೆ ಬದಲಾಯಿಸಿದಾಗಲೂ ಮಿಕ್ಕ ಸಾಮಾನುಗಳು ಲಾರಿಯಲ್ಲಿ ಹೋದರೆ, ಗಾಜಿನ ಪೆಟ್ಟಿಗೆಯು ಮಾತ್ರ ಅವನ ಪಕ್ಕದ ಆಸನದಲ್ಲಿಯೇ ಹೋಗುತ್ತಿತ್ತು. ಮುಚ್ಚಳಕ್ಕೆ ಬೀಗವಿರಬೇಕೆಂಬ ಕರಾರಿನ ಮೇಲೆ ಹೆಂಡತಿಯು ಅದನ್ನು ಮನೆಯಲ್ಲಿರಿಸಿಕೊಳ್ಳಲು ಒಪ್ಪಿದ್ದಳು. ಆತನು ಅದನ್ನು ‘ಅವಳು’ ಎನ್ನುವನು. ಆಕೆಯು ‘ಅದು’ ಎನ್ನುವಳು. ಈ ವ್ಯಾಕರಣದ ಭೇದವೊಂದನ್ನುಳಿದರೆ ದಂಪತಿಗಳಲ್ಲಿ ಆ ಕುರಿತು ಜಗಳವೇನೂ ಇರಲಿಲ್ಲ.

ಟಾರಂಟುಲವು ಪೊರೆ ಕಳಚುವ ಬಗೆಯು ಸೋಜಿಗವಾದುದು. ಅದು ಬೆನ್ನಡಿಯಾಗಿ ಮಲಗಿ ಕಾಲುಗಳನ್ನು ಮೇಲಕ್ಕೆ ಚಾಚಿ ಗಂಟೆಗಟ್ಟಲೆ ನಿಶ್ಚಲವಾಗಿರುತ್ತದೆ. ಆಮೇಲೆ ಹಳೆಯ ಚರ್ಮವು ಬಿರಿದು, ಕಾಲುಗಳೆಂಟೂ ಕೈಗವಸಿನಿಂದ ಬೆರಳುಗಳು ಬರುವಂತೆ ಮೆಲ್ಲಮೆಲ್ಲನೆ ಹೊರಗೆ ಬರುತ್ತವೆ. ಮೇಲಣ ತೊಗಲು ಮಾತ್ರವೇ ಅಲ್ಲ. ವಿಷದ ಹಲ್ಲಿನ ಹೊದಿಕೆ, ಜಠರದ ಒಳಗಣ ಪೊರೆ, ಉಸಿರಾಡುವ ಅಂಗಗಳ ಪದರ ಇವುಗಳೂ ಅದರೊಡನೆ ಕಳಚಿಹೋಗುತ್ತವೆ. ಮುರಿದ ಕಾಲು ಕೂಡ ಒಂದೆರಡು ಪೊರೆಗಳಲ್ಲಿ ಮತ್ತೆ ಬೆಳೆಯುವುದುಂಟು. ಹೊಸದಾಗಿ ಸಾಕುವವರು ಈ ಅಂಗಾತ ಭಂಗಿಯನ್ನು ಕಂಡು ಸತ್ತಿತೆಂದು ಭ್ರಮಿಸಿ ಎತ್ತಿ ಎಸೆಯುವುದೂ, ಬಲವಂತವಾಗಿ ಮಗುಚಿ ಕೇಡು ಮಾಡುವುದೂ ಉಂಟು. ಅಂಗಾತ ಮಲಗಿದ್ದರೆ ಬಹುಮಟ್ಟಿಗೆ ಅದು ಹೊಸ ಜನ್ಮ. ಕಾಲುಗಳನ್ನು ಹೊಟ್ಟೆಯಡಿಗೆ ಮಡಿಚಿಕೊಂಡು ಕುಸಿದಿದ್ದರೆ ಅದೇ ಭಯದ ಚಿಹ್ನೆ. ರೋಸಿಯು ಆ ಮನೆಗಳಲ್ಲಿ ಹನ್ನೊಂದು ಸಲ ಪೊರೆ ಬಿಟ್ಟಿತ್ತು. ಹನ್ನೊಂದನ್ನೂ ಆತನು ಹತ್ತಿಯಲ್ಲಿಟ್ಟು ಒಂದು ಪೆಟ್ಟಿಗೆಯಲ್ಲಿ ಕಾಪಾಡಿದ್ದನು.

೨೦೨೧ರ ಆಗಸ್ಟ್ ತಿಂಗಳಿಂದ ರೋಸಿಯು ಆಹಾರವನ್ನು ಮುಟ್ಟಲಿಲ್ಲ. ಉಪವಾಸವು ಆ ಪ್ರಭೇದದ ಹುಟ್ಟುಗುಣವಾದ್ದರಿಂದ ಆತನು ಗಾಬರಿಗೊಳ್ಳಲಿಲ್ಲ. ಆದರೆ ಈ ಸಲ ಹೊಟ್ಟೆಯು ದಿನೇ ದಿನೇ ಕಿರಿದಾಗಿ ಸುಕ್ಕುಗಟ್ಟಿತು. ೨೦೨೨ರ ಜನವರಿಯ ಒಂದು ಬೆಳಗ್ಗೆ ನೋಡುವಾಗ ನೀರಿನ ತಟ್ಟೆಯಿಂದ ಎರಡು ಗೇಣು ದೂರದಲ್ಲಿ, ಕಾಲುಗಳನ್ನು ಒಳಕ್ಕೆ ಮಡಿಚಿ, ಮುಷ್ಟಿ ಹಿಡಿದ ಕೈಯಂತೆ ಬಿದ್ದುಕೊಂಡಿತ್ತು.

ಕಾಲು ಮಡಿಚಿಕೊಳ್ಳುವುದಕ್ಕೆ ಕಾರಣವು ಜೇಡದ ದೇಹರಚನೆಯಲ್ಲಿಯೇ ಇದೆ. ಮನುಷ್ಯನು ಮಡಿಸಲು ಒಂದು, ನೀಡಲು ಒಂದು ಎಂದು ಎರಡು ಬಗೆಯ ಸ್ನಾಯುಗಳಿಂದ ಕಾಲನ್ನು ಆಡಿಸುತ್ತಾನೆ. ಜೇಡದ ಕಾಲಿನ ಮುಖ್ಯವಾದ ಕೀಲುಗಳಲ್ಲಿ ಮಡಿಸುವ ಸ್ನಾಯುಗಳುಂಟು, ನೀಡುವ ಸ್ನಾಯುಗಳಿಲ್ಲ. ದೇಹದೊಳಗಣ ರಕ್ತದ್ರವವನ್ನು ಒತ್ತಿ ಕಾಲುಗಳಿಗೆ ನುಗ್ಗಿಸಿ ಅದು ಅವನ್ನು ಚಾಚುತ್ತದೆ. ಆ ದ್ರವವು ತಾಮ್ರದ ಅಂಶದಿಂದ ಕೂಡಿ ನಸುನೀಲಿಯಾಗಿರುತ್ತದೆ. ನೀರು ಬತ್ತಿದರೆ, ಅಥವಾ ಒತ್ತುವ ಶಕ್ತಿಯುಡುಗಿದರೆ, ಕಾಲುಗಳು ತಮ್ಮಷ್ಟಕ್ಕೆ ತಾವೇ ಮುದುಡಿಕೊಳ್ಳುತ್ತವೆ. ಹಾಗಾಗಿ ನಿಂತಿರುವುದೆಂಬುದೇ ಜೇಡಕ್ಕೆ ಒಂದು ಪ್ರಯತ್ನ. ಜೀವವಿರುವ ತನಕ ಅದು ತನ್ನನ್ನು ತಾನು ಬಿಡಿಸಿಕೊಂಡು ಹಿಡಿದಿರಬೇಕು.

ಊರಿನಲ್ಲಿದ್ದ ಪಶುವೈದ್ಯರೊಬ್ಬರು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿ, ತಾವು ಹಾವು ಆಮೆಗಳವರೆಗೆ ಚಿಕಿತ್ಸೆ ಮಾಡಿರುವುದಾಗಿಯೂ, ಜೇಡದ ಕಾಯಿಲೆಗೆ ಹೆಸರನ್ನೇ ಹೇಳಲಾರೆವೆಂದೂ, ಇದು ಬಹುಶಃ ಮುಪ್ಪಿರಬಹುದೆಂದೂ ನುಡಿದು ಕಳುಹಿಸಿದರು. ಅವರು ಹೇಳಿದುದರಲ್ಲಿ ಸುಳ್ಳೇನಿರಲಿಲ್ಲ. ಈ ಪ್ರಾಣಿಗಳ ರೋಗಶಾಸ್ತ್ರವು ಇನ್ನೂ ಅಂಬೆಗಾಲಿನಲ್ಲಿದೆ. ಬಿದ್ದು ಹೊಟ್ಟೆಯೊಡೆದರೆ ಜೋಳದ ಹಿಟ್ಟನ್ನೋ ಅಂಟನ್ನೋ ಹಚ್ಚಿ ರಕ್ತವನ್ನು ನಿಲ್ಲಿಸುವುದು ಸಾಕುವವರೇ ಕಂಡುಕೊಂಡ ಮನೆಮದ್ದು. ಬಾಯಿಯ ಸುತ್ತ ಬಿಳಿಯ ಎಳೆಹುಳುಗಳು ಕಾಣಿಸಿಕೊಂಡರೆ ಅದಕ್ಕೆ ನಂಬಬಹುದಾದ ಮದ್ದಿಲ್ಲ. ಉಳಿದ ಬಹುತೇಕ ಕಾಯಿಲೆಗಳಿಗೆ ನೀರು, ಬೆಚ್ಚಗಿನ ಜಾಗ, ನಿಶ್ಶಬ್ದ ಈ ಮೂರೇ ಔಷಧ.

ಆ ಮೂರನ್ನೂ ಆತನು ಒದಗಿಸಿದನು. ಮುಚ್ಚಳದಲ್ಲಿ ರಂಧ್ರಗಳಿರುವ ಚಿಕ್ಕ ಡಬ್ಬಿಯಲ್ಲಿ ಒದ್ದೆಯ ಕಾಗದವನ್ನು ಹಾಸಿ ರೋಗಿಯನ್ನು ಅದರಲ್ಲಿಡುವುದು ಸಾಕುವವರಲ್ಲಿ ಹಿಂದಿನಿಂದ ಬಂದ ಪದ್ಧತಿ. ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಕೊಠಡಿಯ ಹೆಸರನ್ನೇ ಅವರು ಆ ಡಬ್ಬಿಗೂ ಕೊಟ್ಟಿದ್ದಾರೆ. ಆದರೆ ಉಸಿರುಗಟ್ಟುವ ತೇವದಲ್ಲಿ ಬೂಷ್ಟು ಬೆಳೆಯುವುದೆಂದೂ, ಬಾಯಾರಿದ ಜೇಡಕ್ಕೆ ಬೇಕಾದುದು ಕುಡಿಯುವ ನೀರೇ ಹೊರತು ಒದ್ದೆಯ ಗಾಳಿಯಲ್ಲವೆಂದೂ ಅನುಭವಸ್ಥರು ಈಚೆಗೆ ಹೇಳುತ್ತಾರೆ. ಆತನು ಈ ಎರಡನೆಯ ಮತವನ್ನು ಅನುಸರಿಸಿದನು. ಜೇಡದ ಬಾಯಿಯು ಹಲ್ಲುಗಳ ಹಿಂದೆ, ತಲೆಯ ಅಡಿಯಲ್ಲಿದೆ. ಉಸಿರಾಡುವ ಅಂಗಗಳು ಹೊಟ್ಟೆಯ ಕೆಳಭಾಗದಲ್ಲಿವೆ. ಪುಸ್ತಕದ ಹಾಳೆಗಳಂತೆ ಪದರುಪದರಾಗಿರುವುದರಿಂದ ಅವಕ್ಕೆ ಪುಸ್ತಕಶ್ವಾಸಕೋಶವೆಂದೇ ಹೆಸರು. ಬಾಯಿಗೆ ನೀರು ತಾಕಬೇಕು, ಹಾಳೆಗಳು ನೆನೆಯಬಾರದು. ಅದಕ್ಕಾಗಿ ಆತನು ಬಹು ತಗ್ಗಾದ ಬಟ್ಟಲೊಂದರ ಅಂಚಿಗೆ ಅದರ ಮುಂಭಾಗವನ್ನು ಒರಗಿಸಿ, ಬಣ್ಣ ಹಚ್ಚುವ ಕುಂಚದ ತುದಿಯಿಂದ ಒಂದೊಂದೇ ಹನಿಯನ್ನು ಬಾಯಿಯ ಬಳಿಗೆ ಇಳಿಸುವನು. ಎರಡು ಗಂಟೆಗೊಮ್ಮೆ ಈ ಕೆಲಸ. ಕೋಣೆಯ ಶಾಖವನ್ನು ೨೪ ಡಿಗ್ರಿಯಿಂದ ಇಳಿಯಗೊಡದೆ ಕಾಯುವನು. ಹನಿಗಳ ಲೆಕ್ಕ, ಶಾಖದ ಲೆಕ್ಕ, ಯಾವ ಕಾಲು ಎಷ್ಟು ಅಲುಗಿತೆಂಬ ಲೆಕ್ಕ ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುವನು. ಆ ಬರೆಹದಿಂದ ರೋಗಿಗೆ ಏನೂ ಪ್ರಯೋಜನವಿರಲಿಲ್ಲ. ಶುಶ್ರೂಷೆ ಮಾಡುವವನ ಕೈಗಳಿಗೆ ರಾತ್ರಿಯ ಮೂರು ಗಂಟೆಯಲ್ಲಿ ಮಾಡಲು ಏನಾದರೊಂದು ಕೆಲಸ ಬೇಕಾಗುತ್ತದೆ.

ಅಮೆರಿಕದ ಟಾರಂಟುಲಗಳಲ್ಲಿ ಹಲವು ಅಂಜಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಣ ರೋಮಗಳನ್ನು ಕೆರೆದು ತೂರುತ್ತವೆ. ಅಲ್ಲಿ ಒಂದು ಬೋಳಾದ ಎಡೆಯು ಉಳಿಯುತ್ತದೆ. ಅವುಗಳ ಹೃದಯವು ಹೊಟ್ಟೆಯ ಮೇಲ್ಭಾಗದಲ್ಲಿಯೇ ಇರುವುದರಿಂದ, ಓರೆಯಾಗಿ ದೀಪ ಹಿಡಿದು ನೋಡಿದರೆ ಆ ಬೋಳಿನಲ್ಲಿ ಮಿಡಿತವು ಒಮ್ಮೊಮ್ಮೆ ಕಾಣುತ್ತದೆ. ಆತನು ಮಂಡಿಯೂರಿ ಆ ಮಿಡಿತವನ್ನೇ ನೋಡುತ್ತ ಕುಳಿತಿರುವನು. ಇಪ್ಪತ್ತಮೂರು ವರ್ಷಗಳಲ್ಲಿ ಆತನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದಿಲ್ಲ. ನಾಲ್ಕನೆಯ ದಿನ ರೋಸಿಯು ಮುಂಗಾಲೊಂದನ್ನು ಚಾಚಿ, ತಾನಾಗಿಯೇ ಅರ್ಧ ಗೇಣು ನಡೆದು, ಬಟ್ಟಲಿಗೆ ಬಾಯಿಟ್ಟಿತು. ಅಂದು ಆತನು ಹೆಂಡತಿಯನ್ನು ನಿದ್ದೆಯಿಂದೆಬ್ಬಿಸಿ ತೋರಿಸಿದನು. ಆಕೆಯು ಕಣ್ಣುಜ್ಜಿಕೊಳ್ಳುತ್ತ ಬಂದು, ಬಹಳ ಹೊತ್ತು ನೋಡಿ, “ಅವಳು ಕುಡಿಯುತ್ತಿದ್ದಾಳೆ” ಎಂದಳು. ವ್ಯಾಕರಣವು ಬದಲಾದುದನ್ನು ಇಬ್ಬರೂ ಗಮನಿಸಿದರು. ಇಬ್ಬರೂ ಅದರ ಮಾತನ್ನೆತ್ತಲಿಲ್ಲ.

ಆ ಚೇತರಿಕೆಯು ಎರಡು ದಿನ ನಿಂತಿತು. ಆಮೇಲೆ ಕಾಲುಗಳು ಮತ್ತೆ ಮಡಿಚಿಕೊಂಡುವು.

ಕಚೇರಿಯಲ್ಲಿ ಆತನ ಕಣ್ಣು ಕೆಂಪಾಗಿರುವುದನ್ನು ಕಂಡು ಜೊತೆಯವರು ಕೇಳಿದಾಗ, ಮನೆಯಲ್ಲಿ ಬಹಳ ವಯಸ್ಸಾದವರೊಬ್ಬರಿಗೆ ಕಾಯಿಲೆಯೆಂದು ಹೇಳಿ ಸುಮ್ಮನಾದನು. ನಿಜವನ್ನು ಹೇಳುವ ಧೈರ್ಯ ಸಾಲಲಿಲ್ಲ. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು ೧೯೮೯ರಲ್ಲಿ ಇಂತಹ ಶೋಕಕ್ಕೆ ಒಂದು ಹೆಸರನ್ನು ಬಳಕೆಗೆ ತಂದರು. ಹಕ್ಕಿಲ್ಲದ ಶೋಕವೆಂದು ಅದನ್ನು ಕನ್ನಡಿಸಬಹುದು. ಸಮಾಜವು ಒಪ್ಪದ, ಬಹಿರಂಗವಾಗಿ ಆಚರಿಸಲಾಗದ, ಸಾಂತ್ವನ ದೊರೆಯದ ದುಃಖವದು. ಸೂತಕವಿಲ್ಲ, ರಜೆಯಿಲ್ಲ, ಬಂದು ಕೈಹಿಡಿಯುವ ನಂಟರಿಲ್ಲ. ಇಂತಹ ಶೋಕವನ್ನು ಅನುಭವಿಸುವವನಿಗೆ ಎರಡು ಭಾರ. ದುಃಖದ ಭಾರ ಒಂದು, ದುಃಖಿಸುತ್ತಿರುವೆನಲ್ಲಾ ಎಂಬ ನಾಚಿಕೆಯ ಭಾರ ಇನ್ನೊಂದು. ಎರಡನೆಯದು ಎಷ್ಟೋ ವೇಳೆ ಮೊದಲನೆಯದಕ್ಕಿಂತ ಹೆಚ್ಚು ತೂಗುತ್ತದೆ.

ಹತ್ತು ದಿನಗಳಾದ ಮೇಲೆ ಬೇರೊಂದು ಪ್ರಶ್ನೆಯು ತಲೆಯೆತ್ತಿತು. ಉಳಿಯದ ಜೇಡವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕೊನೆಗಾಣಿಸುವುದು ಸಾಕುವವರಲ್ಲಿ ಹಳೆಯ ರೂಢಿ. ತಣ್ಣಗೆ ನಿದ್ರೆ ಬಂದಂತೆ ಜೀವ ಹೋಗುವುದೆಂದು ಅವರ ನಂಬಿಕೆ. ಅದು ನಿದ್ರೆಯೋ ಯಾತನೆಯೋ ಎಂದು ಸಂದೇಹಿಸುವ ವೈದ್ಯರು, ಮೊದಲು ಅರಿವಳಿಕೆಯ ಆವಿಯನ್ನು ಕೊಡುವುದು ಲೇಸೆನ್ನುತ್ತಾರೆ. ಎಲ್ಲಕ್ಕೂ ಮೂಲವಾದ ಪ್ರಶ್ನೆಯೆಂದರೆ, ಜೇಡಕ್ಕೆ ನೋವೆಂಬುದುಂಟೆ? ಅದೇ ೨೦೨೨ರಲ್ಲಿ ಬ್ರಿಟನ್ನಿನಲ್ಲಿ ಆದ ಪ್ರಾಣಿಸಂವೇದನೆಯ ಕಾಯಿದೆಯು, ಬೆನ್ನೆಲುಬುಳ್ಳ ಪ್ರಾಣಿಗಳೊಡನೆ ಏಡಿ ಸೀಗಡಿಗಳನ್ನೂ ಆಕ್ಟೋಪಸ್ಸನ್ನೂ ಸುಖದುಃಖಗಳನ್ನರಿಯುವ ಜೀವಿಗಳೆಂದು ಒಪ್ಪಿಕೊಂಡಿತು. ಎಂಟು ಬಾಹುಗಳ ಕಡಲಪ್ರಾಣಿಗೆ ಸಂದ ಈ ಮನ್ನಣೆಯು ಎಂಟು ಕಾಲುಗಳ ನೆಲದ ಪ್ರಾಣಿಗೆ ಸಲ್ಲಲಿಲ್ಲ. ಅದೇ ವರ್ಷ ಜರ್ಮನಿಯ ಕೋನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಡಾನಿಯೇಲಾ ರೋಸ್ಲರ್ ಮತ್ತು ಸಂಗಡಿಗರು, ನೆಗೆಯುವ ಜೇಡಗಳ ಮರಿಗಳ ಪಾರದರ್ಶಕವಾದ ತಲೆಯೊಳಗೆ ರಾತ್ರಿಯ ವೇಳೆ ಅಕ್ಷಿಪಟಗಳು ಚಲಿಸುವುದನ್ನು ಕಂಡು, ಕನಸಿನ ನಿದ್ರೆಯನ್ನು ಹೋಲುವ ಸ್ಥಿತಿಯು ಅವಕ್ಕೂ ಇರುವಂತಿದೆಯೆಂದು ಪ್ರಕಟಿಸಿದರು. ಜನವರಿಯ ಆ ರಾತ್ರಿಗಳಲ್ಲಿ ಇದಾವುದೂ ಆತನ ನೆರವಿಗಿರಲಿಲ್ಲ. ಹೆಂಡತಿಯು, “ನೀನು ಮಾಡಲಾರೆಯಾದರೆ ನಾನು ಮಾಡುತ್ತೇನೆ” ಎಂದಳು. ಆತನು ಯೋಚಿಸಿ, “ಅವಳಿಗೆ ಚಳಿಯೆಂದರೆ ಆಗದು. ಬೆಚ್ಚಗಿಡೋಣ, ಕಾಯೋಣ” ಎಂದನು. ಇದು ಶಾಸ್ತ್ರದ ತೀರ್ಮಾನವಲ್ಲ. ಆದರೆ ನೋವಿದ್ದೀತೆಂಬ ಸಂದೇಹವಿರುವಾಗ ನೋವಿದೆಯೆಂದೇ ತಿಳಿದು ನಡೆಯುವುದರಲ್ಲಿ ಯಾರಿಗೂ ಕೇಡಿಲ್ಲವಷ್ಟೆ.

ಹತ್ತೊಂಬತ್ತನೆಯ ದಿನದ ರಾತ್ರಿ ಬೋಳಿನ ಮೇಲೆ ಮಿಡಿತವು ಕಾಣಲಿಲ್ಲ. ಕಾಣಲಿಲ್ಲವೆಂದಷ್ಟೇ ಹೇಳಬಹುದು. ಜೇಡದ ಸಾವಿಗೆ ಮುಹೂರ್ತವಿಲ್ಲ. ಕೊನೆಯುಸಿರೆಂಬುದು ಕೇಳಿಸುವುದಿಲ್ಲ, ಕಣ್ಣೆವೆಗಳಿಲ್ಲವಾಗಿ ಮುಚ್ಚುವ ಕೆಲಸವೂ ಇಲ್ಲ. ಮುದುಡಿ ಬಿದ್ದ ಜೇಡವು ನೀರು ತಾಕಿ ಮತ್ತೆ ಎದ್ದುದೂ ಉಂಟಾದ್ದರಿಂದ, ಆತನು ಮೂರು ದಿನ ಹನಿಗಳನ್ನು ನಿಲ್ಲಿಸಲಿಲ್ಲ. ಮೂರನೆಯ ದಿನ ಸಣ್ಣಗೆ ವಾಸನೆ ಬಂದಿತು. ಆಗ ಕುಂಚವನ್ನು ತೊಳೆದಿಟ್ಟನು. ದೇಹವನ್ನು ಕೈಯಲ್ಲಿ ತೆಗೆದುಕೊಂಡಾಗ ಪೆಟ್ಟಿಗೆಯಲ್ಲಿದ್ದ ಹನ್ನೊಂದು ಪೊರೆಗಳ ನೆನಪಾಯಿತು. ನೋಡಲು ಹನ್ನೆರಡೂ ಒಂದೇ ಬಗೆ. ಇದೊಂದರಲ್ಲಿ ಮಾತ್ರ ತೂಕವಿತ್ತು.

ಊರಿನ ನೆಲವು ಹೆಪ್ಪುಗಟ್ಟಿದ್ದುದರಿಂದ ಗುಳಿ ತೆಗೆಯುವಂತಿರಲಿಲ್ಲ. ಚಿಕ್ಕ ಮರದ ಡಬ್ಬಿಯಲ್ಲಿಟ್ಟು ಹೊರಗಣ ಜಗಲಿಯ ಹಿಮದಲ್ಲಿ ವಸಂತದವರೆಗೆ ಇರಿಸಬೇಕಾಯಿತು. ಜೀವವಿದ್ದಾಗ ತಪ್ಪಿಸಿದ ಚಳಿಯನ್ನು ಸತ್ತ ಮೇಲೆ ತಪ್ಪಿಸಲಾಗಲಿಲ್ಲ.

ಆ ವಾರಗಳಲ್ಲಿ ಆತನು ಪುಸ್ತಕಭಂಡಾರದಲ್ಲಿ ಆಸ್ಟ್ರೇಲಿಯದ ಒಂದು ಸಂಶೋಧನೆಯನ್ನು ಓದಿದನು. ಪಶ್ಚಿಮ ಆಸ್ಟ್ರೇಲಿಯದ ನಾರ್ತ್ ಬುಂಗಲ್ಲ ಎಂಬ ಕಾಯ್ದಿಟ್ಟ ಕಾಡಿನಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿಯು ೧೯೭೪ರಲ್ಲಿ ಬಿಲಕ್ಕೆ ಮುಚ್ಚಳವಿಟ್ಟುಕೊಂಡು ಬಾಳುವ ಜೇಡಗಳ ಒಂದೊಂದು ಬಿಲಕ್ಕೂ ಸಂಖ್ಯೆಯ ಗುರುತನ್ನು ನೆಟ್ಟರು. ಆ ಜಾತಿಯ ಹೆಣ್ಣು ಮರಿಯಾಗಿದ್ದಾಗ ತೋಡಿದ ಬಿಲದಲ್ಲಿಯೇ ಜೀವಮಾನವನ್ನು ಕಳೆಯುತ್ತದೆ. ಅವುಗಳಲ್ಲಿ ಹದಿನಾರನೆಯ ಸಂಖ್ಯೆಯ ಜೇಡವನ್ನು ಮೇನ್ ನಾಲ್ಕು ದಶಕಗಳ ಕಾಲ ನೋಡುತ್ತ ಬಂದರು. ೨೦೧೬ರ ಅಕ್ಟೋಬರಿನಲ್ಲಿ ಅವರ ಶಿಷ್ಯೆ ಲಿಯಾಂಡಾ ಮೇಸನ್ ಹೋಗಿ ನೋಡಿದಾಗ ಬಿಲದ ಮುಚ್ಚಳವು ತೂತಾಗಿತ್ತು. ಪರೋಪಜೀವಿಯಾದ ಕಣಜವೊಂದು ಒಳಹೊಕ್ಕಿತ್ತು. ಆ ಜೇಡದ ವಯಸ್ಸು ೪೩ ವರ್ಷ. ಅದಕ್ಕೆ ಮೊದಲು ಅತಿ ದೀರ್ಘಾಯುವೆಂದು ಹೆಸರಾಗಿದ್ದ ಮೆಕ್ಸಿಕೋ ದೇಶದ ಟಾರಂಟುಲದ ವಯಸ್ಸು ೨೮. ೨೦೧೮ರಲ್ಲಿ ಈ ವಿವರವು ಪ್ರಕಟವಾದಾಗ ದೇಶದೇಶಗಳ ಪತ್ರಿಕೆಗಳು ಒಂದು ಜೇಡದ ಮರಣವಾರ್ತೆಯನ್ನು ಅಚ್ಚು ಹಾಕಿದುವು. ಮೇನ್ ೨೦೧೯ರಲ್ಲಿ ತೀರಿಕೊಂಡರು. ಒಂದು ಬಿಲದ ಬಾಗಿಲಿಗೆ ವರ್ಷ ವರ್ಷವೂ ಬಂದು ಬಗ್ಗಿ ನೋಡಿದ ಆ ಕಣ್ಣುಗಳನ್ನು ಒಳಗಿದ್ದ ಜೀವವು ಒಮ್ಮೆಯೂ ಗುರುತಿಸಿರಲಾರದು. ಇದನ್ನು ಓದಿ ಮುಗಿಸಿದ ದಿನ ಆತನು ಜೊತೆಯ ಗುಮಾಸ್ತರಿಗೆ ಕಾಯಿಲೆ ಬಿದ್ದಿದ್ದವರು ಯಾರೆಂಬುದನ್ನು ಹೇಳಿದನು. ಒಬ್ಬನು ನಕ್ಕನು. ಇನ್ನೊಬ್ಬಳು ತಾನು ಹುಡುಗಿಯಾಗಿದ್ದಾಗ ಸಾಕಿದ್ದ ಒಂದು ಮೀನಿನ ವಿಷಯವನ್ನು ಅರ್ಧ ಗಂಟೆಯ ಹೊತ್ತು ಹೇಳಿದಳು. ಅದುವರೆಗೆ ಅದನ್ನು ಆಕೆಯು ಯಾರಿಗೂ ಹೇಳಿರಲಿಲ್ಲವಂತೆ.

ಏಪ್ರಿಲ್ ತಿಂಗಳಲ್ಲಿ ನೆಲವು ಮೆತ್ತಗಾಯಿತು. ಮನೆಯ ಹಿಂದೆ ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಹೆಂಡತಿಯೇ ಗುಳಿ ತೋಡಿದಳು. ಮಾತೇನೂ ಬೇಕಾಗಲಿಲ್ಲ. ಗಾಜಿನ ಪೆಟ್ಟಿಗೆಯನ್ನು ತೊಳೆದು ಅಟ್ಟಕ್ಕೆ ಹಾಕಿದರು. ಪೊರೆಗಳ ಪೆಟ್ಟಿಗೆಯು ಕಪಾಟಿನಲ್ಲಿಯೇ ಉಳಿಯಿತು.

ಪ್ರೀತಿಗೆ ಪ್ರತಿಪ್ರೀತಿಯು ದೊರೆಯುವಲ್ಲಿ ಸೇವೆಯು ಸುಲಭ. ಹಸುವು ಕೈಯನ್ನು ನೆಕ್ಕುತ್ತದೆ, ನಾಯಿಯು ಬಾಲವನ್ನಾಡಿಸುತ್ತದೆ, ಮುದಿ ತಂದೆಯು ಕಣ್ಣಿನಿಂದಲಾದರೂ ಹರಸುತ್ತಾನೆ. ಫಲವನ್ನು ಬಯಸದೆ ಕರ್ಮವನ್ನು ಮಾಡಬೇಕೆಂದು ದೊಡ್ಡವರು ಹೇಳುತ್ತ ಬಂದಿದ್ದಾರೆ. ಆದರೆ ಫಲವು ಬಾರದೆಂದು ಮೊದಲೇ ಖಚಿತವಾಗಿರುವ ಕೆಲಸವು ಸಂಸಾರಿಗೆ ದೊರೆಯುವುದು ಅಪರೂಪ. ಆ ಗುಮಾಸ್ತನಿಗೆ ಅದು ಹತ್ತೊಂಬತ್ತು ದಿನ ದೊರೆಯಿತು. ಆತನು ಅದಕ್ಕೆ ದೊಡ್ಡ ಹೆಸರನ್ನೇನೂ ಕೊಡಲಿಲ್ಲ. ಲೆಕ್ಕದ ಪುಸ್ತಕದ ಕೊನೆಯ ಸಾಲಿನಲ್ಲಿ ತಾರೀಖನ್ನು ಬರೆದು, ಅದರ ಮುಂದೆ ‘ನೀರು ಕುಡಿಯಲಿಲ್ಲ’ ಎಂದಷ್ಟೇ ಬರೆದಿದ್ದಾನೆ.